ಧಾರೆಗೆ ಕರೆದರೆ ಹೋಗಬಾರದಂತೆ

ಮನಸ್ಸಿನ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ ಎಂದು ಬಹಳ ಜನ ನಂಬಿಕೊಂಡಿದ್ದಾರೆ. ಮೊದಲನೆಯದಾಗಿ ನಾನು ಡಾಕ್ಟರಲ್ಲ, ಮನಶ್ಶಾಸ್ತ್ರಜ್ಞೆ. ಮಾತ್ರೆ ಬರೆಯುವ ಹಕ್ಕಿಲ್ಲ, ಮಾತಾಡಿಸುವ ಹಕ್ಕು ಮಾತ್ರ ಇದೆ. ಎರಡನೆಯದಾಗಿ, ನನಗೆ ಸಿಟ್ಟು ಬರುತ್ತದೆ. ಮೂಗಿನ ತುದಿಯಲ್ಲೇ ಕೂತಿರುತ್ತದೆ. ದಿನವಿಡೀ ತಲೆಯಾಡಿಸುತ್ತ "ಹೂಂ, ಆಮೇಲೆ?" ಎಂದು ತಗ್ಗಿದ ದನಿಯಲ್ಲಿ ಕೇಳಿ ಕೇಳಿ, ಸಂಜೆ ಮನೆಗೆ ಬಂದು ಕುಕ್ಕರಿನ ಮುಚ್ಚಳದ ಮೇಲೆ ತೀರಿಸಿಕೊಳ್ಳುತ್ತೇನೆ. ಇಪ್ಪತ್ತು ವರ್ಷದಿಂದ ಸಾಗರದಲ್ಲಿ ಮೆಡಿಕಲ್ ಶಾಪೊಂದರ ಮೇಲಿನ ಹಲಗೆಯ ಮಹಡಿಯಲ್ಲಿ ಕೂತಿದ್ದೇನೆ. ಗುರುವಾರ ಹೊಸನಗರ, ಶನಿವಾರ ತೀರ್ಥಹಳ್ಳಿ. ಇಷ್ಟು ವರ್ಷಗಳಲ್ಲಿ ನನ್ನ ಪಿತ್ತ ನೆತ್ತಿಗೇರಿಸಿದ್ದು ಯಾವ ಮನುಷ್ಯನೂ ಅಲ್ಲ, ಪರೀಕ್ಷೆಯ ಒಂದು ಪ್ರಶ್ನೆ.

ನಮ್ಮ ವೃತ್ತಿಯಲ್ಲಿ ನೋಂದಣಿ ನವೀಕರಣವಾಗಬೇಕಾದರೆ ಆಗಾಗ ತರಬೇತಿ ಪಡೆದು ಅಂಕ ಕೂಡಿಸಿಕೊಳ್ಳಬೇಕು. ಅದು ಸರಿಯೇ. ಕಲಿಯುವುದನ್ನು ನಿಲ್ಲಿಸಬಾರದು ಎಂದು ನಾನೇ ಎಷ್ಟೋ ಕಾಲೇಜುಗಳಲ್ಲಿ ಭಾಷಣ ಬಿಗಿದು ಶಾಲು ಹೊದೆಸಿಕೊಂಡು ಬಂದಿದ್ದೇನೆ. ಈ ಸಲ ಸ್ವಲ್ಪ ಅಂಕ ಕಡಿಮೆ ಬಿತ್ತೆಂದು ಆನ್‌ಲೈನ್ ಕೋರ್ಸೊಂದಕ್ಕೆ ಸೇರಿದೆ. ವಿಷಯ: ವೃತ್ತಿಯ ಗಡಿಗಳು. ಬಿಳಿ ಸೋಫಾದ ಮೇಲೆ ಕೂತ ತರಬೇತುದಾರರೊಬ್ಬರು, ಮೊದಲು ಮೂರು ಸಲ ದೀರ್ಘವಾಗಿ ಉಸಿರಾಡಿ ಎಂದು ಹೇಳಿ, ಮುಕ್ಕಾಲು ಗಂಟೆ ಮಾತಾಡುತ್ತಾರೆ. ಚಿಕಿತ್ಸೆಗೆ ಬರುವವರನ್ನು ಹೊರಗಡೆ ಭೇಟಿಯಾಗಬಾರದಂತೆ. ದಾರಿಯಲ್ಲಿ ಕಂಡರೆ ನಾವಾಗಿ ಮಾತಾಡಿಸಬಾರದಂತೆ. ಪುಣ್ಯಾತ್ಮ ಸಾಗರದ ಸಂತೆಗೆ ಒಂದು ದಿನ ಬಂದು ನೋಡಬೇಕಿತ್ತು. ನನಗೆ ಸೊಪ್ಪು ಕೊಡುವಾಕೆ, ಗ್ಯಾಸ್ ತರುವವನು, ನನ್ನ ಹಲ್ಲು ಕಿತ್ತವರು, ಎಲ್ಲರೂ ಒಂದಲ್ಲ ಒಂದು ದಿನ ನನ್ನೆದುರಿನ ಕುರ್ಚಿಯಲ್ಲಿ ಕೂತು ಅತ್ತವರೇ. ಮಾತಾಡಿಸದೆ ಹೋದರೆ "ಡಾಕ್ಟ್ರಮ್ಮಂಗೆ ಈಗೀಗ ಎಷ್ಟು ಸೊಕ್ಕು ನೋಡಿ" ಎಂಬ ಮಾತು ನಾನು ಮನೆ ತಲುಪುವ ಮೊದಲೇ ಮನೆ ತಲುಪಿರುತ್ತದೆ. ಸೇತುವೆಯಾಗುವ ಮೊದಲೊಮ್ಮೆ, ಶರಾವತಿಯ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿದ್ದೆ. ಅತ್ತ ತುದಿಯಿಂದ ಒಬ್ಬರು ಕೂಗಿ ಹೇಳಿದರು, "ಮೇಡಂ, ಆ ಕನಸು ಮತ್ತೆ ಬಿತ್ತು!" ಲಾಂಚಿನ ತುಂಬ ಸಿಗಂದೂರಿಗೆ ಹೊರಟ ಜನ. ಎಲ್ಲರೂ ನನ್ನ ಕಡೆ ತಿರುಗಿ ಉತ್ತರಕ್ಕೆ ಕಾದರು. ಗಡಿಯನ್ನು ಎಲ್ಲಿ ಎಳೆಯಲಿ, ನೀರಿನ ಮೇಲೆಯೇ?

ಮುಕ್ಕಾಲು ಗಂಟೆ ಮುಗಿದ ಮೇಲೆ ಪರೀಕ್ಷೆ. ಅದರ ಕೊನೆಯ ಪ್ರಶ್ನೆ ಇದು: ನಿಮ್ಮಲ್ಲಿಗೆ ಚಿಕಿತ್ಸೆಗೆ ಬರುವವರು ಮಗಳ ಮದುವೆಗೆ ಕರೆದರೆ ಏನು ಮಾಡುತ್ತೀರಿ?

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅದೇ ವಾರ ಚಂದ್ರಪ್ಪನವರು ಹೆಂಡತಿಯೊಂದಿಗೆ ಮನೆಗೇ ಬಂದು, ಕುಂಕುಮ ಕೊಟ್ಟು, ಮಗಳ ಮದುವೆಗೆ ಕರೆದು ಹೋಗಿದ್ದರು. ಚಂದ್ರಪ್ಪ ಎಂಬುದು ನಿಜವಾದ ಹೆಸರಲ್ಲ. ಹೊಸನಗರದ ಕಡೆಯವರು, ಬಟ್ಟೆ ಅಂಗಡಿಯವರು ಎಂಬುದನ್ನೂ ನಾನು ಹೇಳುವುದಿಲ್ಲ. ಹೇಳಿಬಿಟ್ಟೆನಲ್ಲ, ಇರಲಿ, ಬರೆಯಿರಿ ಎಂದು ಅವರೇ ಒಪ್ಪಿದ್ದಾರೆ. ನಾಲ್ಕು ಜನ ಸೇರಿದಲ್ಲಿ ಅವರ ಕೈ ನಡುಗುತ್ತಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ತಮ್ಮನ ಮಗನ ಮದುವೆಯಲ್ಲಿ ಅಡುಗೆಮನೆಯ ಹಿಂಬಾಗಿಲಿನಿಂದ ಓಡಿಹೋಗಿದ್ದರು. ಮಗಳ ಮದುವೆ ಗೊತ್ತಾದಾಗ ಅವರಿಗಿದ್ದದ್ದು ಒಂದೇ ಭಯ. "ಅಷ್ಟು ಜನರ ಎದುರು ಧಾರೆ ಎರೆಯೋವಾಗ ಕೈ ನಡುಗಿದ್ರೆ ಏನ್ಮಾಡ್ಲಿ ಮೇಡಂ? ಮಗಳ ಮರ್ಯಾದೆ ಹೋಗ್ತದೆ."

ಅದಕ್ಕಾಗಿ ಎಂಟು ತಿಂಗಳು ಅಭ್ಯಾಸ ಮಾಡಿದೆವು. ಒಂದು ಚೊಂಬು, ಒಂದು ಬೋಗುಣಿ. ಅವರು ಎರೆಯಬೇಕು, ನಾನು ನೋಡುತ್ತ ಕೂರಬೇಕು. ಆಮೇಲೆ ನಮ್ಮ ಯಜಮಾನರನ್ನೂ ಪಕ್ಕದ ದರ್ಜಿಯನ್ನೂ ಚಂದ್ರಪ್ಪನವರ ಒಪ್ಪಿಗೆ ಕೇಳಿಯೇ ಕರೆದು ಕೂರಿಸಿದೆ. ಮೊದಮೊದಲು ಬೋಗುಣಿಗಿಂತ ನೆಲಕ್ಕೇ ಹೆಚ್ಚು ಧಾರೆಯಾಯಿತು. ಕೆಳಗಿನ ಮೆಡಿಕಲ್ ಶಾಪಿನವರು ಮೆಟ್ಟಿಲ ಬುಡದಲ್ಲಿ ನಿಂತು, "ಎಂತ ಮಾಡ್ತಿದೀರಿ ಮಾರಾಯ್ರೆ ಮೇಲೆ? ನನ್ನ ಟಾನಿಕ್ ಡಬ್ಬ ಎಲ್ಲ ಒದ್ದೆ!" ಎಂದು ಕೂಗಿದರು. ಈಗ ಕರೆಯಲು ಬಂದಾಗ ಚಂದ್ರಪ್ಪನವರು ಅಂದದ್ದು ಇಷ್ಟೇ: "ನೀವು ಮುಂದಿನ ಸಾಲಲ್ಲಿ ಕೂತ್ಕಂಡ್ರೆ ಸಾಕು ಮೇಡಂ. ನಿಮ್ ಮುಖ ನೋಡ್ತಾ ಎರೆದು ಬಿಡ್ತೀನಿ."

ಇಂಥ ಮನುಷ್ಯನಿಗೆ ಬರುವುದಿಲ್ಲ ಎನ್ನುವುದೇ? ‘ಹೋಗುತ್ತೇನೆ’ ಎಂಬ ಉತ್ತರವನ್ನು ಒತ್ತಿದೆ. ತಪ್ಪು ಎಂದು ಕೆಂಪಗೆ ಬಂತು. ಕೆಳಗೊಂದು ವಿವರಣೆ: ‘ಅಲ್ಲಿ ನಿಮ್ಮ ಹಾಜರಿ ಬೇಕಿರುವುದು ಯಾರಿಗೆ? ಒಮ್ಮೆ ಯೋಚಿಸಿ.’ ಒಂದು ಉತ್ತರ ತಪ್ಪಿದರೂ ವಿಡಿಯೋವನ್ನು ಮೊದಲಿಂದ ನೋಡಬೇಕು. ಮುಂದಕ್ಕೆ ಓಡಿಸಲು ಬರುವುದಿಲ್ಲ. ಮತ್ತೆ ಬಿಳಿ ಸೋಫಾ, ಮತ್ತೆ ಮೂರು ದೀರ್ಘ ಉಸಿರು. ಎರಡನೆಯ ಸಲವೂ ಹಟದಿಂದ ಅದನ್ನೇ ಒತ್ತಿದೆ. ಮತ್ತೆ ಕೆಂಪು, ಮತ್ತೆ ‘ಯಾರಿಗೆ?’. ಯಾರಿಗೆ ಅಂದರೆ ಏನಯ್ಯಾ, ಚಂದ್ರಪ್ಪನವರಿಗೆ! ಲ್ಯಾಪ್‌ಟಾಪಿಗೆ ಕೇಳುವಂತೆ ಕಿರುಚಿದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಉಸಿರಾಡು ಮಾರಾಯ್ತಿ" ಎಂದರು. ಮೂರನೆಯ ಸಲ ‘ನಯವಾಗಿ ನಿರಾಕರಿಸುತ್ತೇನೆ’ ಎಂದು ಸುಳ್ಳು ಒತ್ತಿದೆ. ಪಾಸಾದೆ. ನೀತಿಯ ಪರೀಕ್ಷೆಯನ್ನು ಸುಳ್ಳು ಹೇಳಿ ಪಾಸು ಮಾಡಿದ ಅವಮಾನಕ್ಕೆ ಇನ್ನಷ್ಟು ಸಿಟ್ಟು ಬಂತು. ಅಭಿಪ್ರಾಯದ ಫಾರಂ ತುಂಬಿದ ಮೇಲೆಯೇ ಸರ್ಟಿಫಿಕೇಟಂತೆ. ಮದುವೆ ಮುಗಿಸಿ ಬಂದು ಇವರಿಗೆ ಸರಿಯಾಗಿ ಬರೆಯುತ್ತೇನೆ ಎಂದು ಹಾಗೇ ಬಿಟ್ಟೆ.

ಮದುವೆಗೆ ಯಜಮಾನರನ್ನೂ ಕರೆದುಕೊಂಡು ಒಂದು ಗಂಟೆ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ, ನಟ್ಟ ನಡುವೆ ಕೂತೆ. ಕಣ್ಣಿಗೆ ಬೀಳಲೆಂದು ಕೆಂಪು ಸೀರೆ ಉಟ್ಟಿದ್ದೆ. ಧಾರೆಯ ಹೊತ್ತಾಯಿತು. ಚಂದ್ರಪ್ಪನವರು ಎದ್ದು ನಿಂತರು. ಅಷ್ಟರಲ್ಲಿ ಫೋಟೋದವರು, ವಿಡಿಯೋದವರು, ಮೊಬೈಲ್ ಎತ್ತಿದ ನೆಂಟರು ನನಗೂ ಮಂಟಪಕ್ಕೂ ನಡುವೆ ಗೋಡೆ ಕಟ್ಟಿದರು. ಅವರು ನನ್ನನ್ನು ಹುಡುಕುತ್ತಿರುತ್ತಾರೆ, ಕಾಣದೆ ಕೈ ನಡುಗುತ್ತದೆ, ಎಂಟು ತಿಂಗಳ ಕೆಲಸ ನೀರಾಗುತ್ತದೆ. ಎದ್ದೆ. ಎಡಕ್ಕೆ ಬಾಗಿದೆ, ಬಲಕ್ಕೆ ಬಾಗಿದೆ, ಒಬ್ಬ ಫೋಟೋದವನನ್ನು ತಳ್ಳಿಯೂ ಬಿಟ್ಟೆ. "ಸ್ವಲ್ಪ ಸೈಡಿಗೆ ಬನ್ನಿ ಅಮ್ಮ, ಫ್ರೇಮಿಗೆ ಬರ್ತಿದೀರಿ" ಎಂದ. ಯಜಮಾನರು ಸೆರಗು ಜಗ್ಗಿ, "ಕೂತ್ಕಳೆ, ಜನ ನೋಡ್ತಿದಾರೆ" ಎಂದರು. ಫೋಟೋದವನ ಕಂಕುಳ ಸಂದಿಯಿಂದ ಕಂಡದ್ದು ಇಷ್ಟು: ಚೊಂಬು ಬಾಗಿತು, ನೀರು ಒಂದೇ ಸಮನೆ ಇಳಿಯಿತು. ಚಂದ್ರಪ್ಪನವರು ಮಗಳ ಮುಖವನ್ನೇ ನೋಡುತ್ತಿದ್ದರು. ನನ್ನ ಕೈಯಲ್ಲಿದ್ದ ಅಕ್ಷತೆ ಮಾತ್ರ ನಡುಗಿ ನಡುಗಿ ಅರ್ಧ ನೆಲದ ಮೇಲೆ ಬಿದ್ದಿತ್ತು.

ಊಟದ ಪಂಕ್ತಿಯಲ್ಲಿ ಎಲ್ಲರನ್ನೂ ಉಪಚರಿಸುತ್ತ, ಗಟ್ಟಿಯಾಗಿ ನಗುತ್ತ ಬಂದರು. ನನ್ನ ಎಲೆಯ ಮುಂದೆ ನಿಂತು ಕಣ್ಣರಳಿಸಿದರು. "ಅರೆ, ಮೇಡಂ! ಯಾವಾಗ ಬಂದ್ರಿ? ನಾನು ನೋಡ್ಲೇ ಇಲ್ಲ! ಹೋಳಿಗೆ ಇನ್ನೊಂದು ಹಾಕ್ಸ್ಕಳಿ" ಎಂದು ಮುಂದಿನ ಎಲೆಗೆ ಹೋದರು.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ಅಭಿಪ್ರಾಯದ ಫಾರಂ ಕಾಯುತ್ತ ಕೂತಿತ್ತು. ‘ಈ ತರಬೇತಿಯಿಂದ ನಿಮಗೇನಾದರೂ ಪ್ರಯೋಜನವಾಯಿತೇ?’ ಯಜಮಾನರು ಹಿಂದಿನಿಂದ ಇಣುಕಿ, "ಯಾರಿಗೆ ಬೇಕಿತ್ತಂತೆ ನೀನು ಅಲ್ಲಿ?" ಎಂದು ಮೆಲ್ಲಗೆ ಕೇಳಿದರು. ನಾನು ಮೂರು ಸಲ ದೀರ್ಘವಾಗಿ ಉಸಿರಾಡಿದೆ. ಆಮೇಲೆ ‘ಇಲ್ಲ’ ಎಂಬುದರ ಮೇಲೆ ಬೆರಳು ನೋಯುವ ಹಾಗೆ ಒತ್ತಿದೆ.