ಎರಡು ಸಲ ಉದ್ಘಾಟನೆಯಾದ ನೀರು

೧. ಟೇಪು

ನಾಯಕರು ಟೇಪು ಕತ್ತರಿಸಿದರು. ನಮ್ಮೂರಿನ ಶುದ್ಧ ನೀರಿನ ಘಟಕ ಉದ್ಘಾಟನೆಯಾಯಿತು. ಮೈಕ್ ಸೆಟ್ ನನ್ನದು. ಮಧುಗಿರಿಯಿಂದ ಪಾವಗಡದವರೆಗೆ ಎಲ್ಲ ಪಕ್ಷಕ್ಕೂ ನಾನೇ ಮೈಕು ಕಟ್ಟುವುದು. ನನಗೆ ಪಕ್ಷವಿಲ್ಲ. ಮಾತೂ ಕಡಿಮೆ.

ನಾಯಕರು ನಲ್ಲಿ ತಿರುಗಿಸಿದರು. ನೀರು ಬಂತು. ಚಪ್ಪಾಳೆ ಬಿತ್ತು. ವೈರು ನೋಡಲು ನಾನು ಘಟಕದ ಹಿಂದಕ್ಕೆ ಹೋದೆ. ಅಲ್ಲೊಬ್ಬ ಕಾರ್ಯಕರ್ತ ಸ್ಟೂಲು ಹತ್ತಿ ನಿಂತು, ಶಿರಾದಿಂದ ತಂದ ಕ್ಯಾನಿನ ನೀರನ್ನು ಪೈಪಿಗೆ ಸುರಿಯುತ್ತಿದ್ದ.

"ಏನ್ಲಾ ಇದು?" ಎಂದೆ.

"ಸುಮ್ಕಿರಿ ಯಜಮಾನ್ರೇ, ಮೋಟ್ರಿಗಿನ್ನೂ ಕರೆಂಟೇ ಕೊಟ್ಟಿಲ್ಲ. ಬೇಗ ನಲ್ಲಿ ನಿಲ್ಸಕ್ಕೇಳಿ, ಇನ್ನೊಂದೇ ಕ್ಯಾನ್ ಐತೆ!"

ಸಂಜೆ ಘಟಕಕ್ಕೆ ಬೀಗ ಬಿತ್ತು. ನಮ್ಮೂರ ಬೋರಿನ ನೀರು ಬರೀ ಉಪ್ಪು. ನನ್ನ ಹೆಂಡತಿಗೆ ಮಂಡಿ ನೋವು. ಆದರೂ ಕುಡಿಯುವ ನೀರಿಗೆ ಪಕ್ಕದೂರಿಗೆ ನಡೆಯುವುದು ತಪ್ಪಲಿಲ್ಲ.

ಮುಂದಿನ ಚುನಾವಣೆಗೆ ಎದುರು ಪಕ್ಷದ ನಾಯಕರು ಬಂದರು. ಅದೇ ಘಟಕಕ್ಕೆ ಹೊಸ ಬಣ್ಣ ಹೊಡೆಸಿ ಮತ್ತೆ ಟೇಪು ಕತ್ತರಿಸಿದರು. ಇವರು ಕ್ಯಾನನ್ನೂ ತಂದಿರಲಿಲ್ಲ. ನಲ್ಲಿಗೆ ಹಾರ ಹಾಕಿ, ಕೈಮುಗಿದು ಹೋದರು.

೨. ಫೋನು

ಮೂರನೇ ಚುನಾವಣೆ ಬಂತು. ಟಿವಿಯಲ್ಲಿ ದಿನಾ ಚರ್ಚೆ. ಅಲ್ಲಿ ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ. ನಾನಾದರೆ ಮೊದಲು ಮೈಕಿನ ಪಿನ್ನು ಕೀಳುತ್ತಿದ್ದೆ.

ನಮ್ಮ ಪಕ್ಕದ ಮನೆಯವನು ಕುರಿ ಕಾಯುತ್ತಾನೆ. ಘಟಕದ ಬೀಗದ ವಿಷಯ ಕೇಳಿಯೇ ಬಿಡುತ್ತೇನೆಂದು ಚರ್ಚೆಗೆ ಫೋನು ಹಚ್ಚಿದ. ಲೈನು ಸಿಕ್ಕಿತು.

"ಸರ್, ನಿಮ್ಮ ಟಿವಿ ಸೌಂಡ್ ಕಡಿಮೆ ಮಾಡಿ ಮಾತಾಡಿ," ಎಂದಳು ನಿರೂಪಕಿ.

ಅವನ ಮನೆಯಲ್ಲಿ ಟಿವಿಯೇ ಇಲ್ಲ. ಗೋಡೆಯಾಚೆಯಿಂದ ಕೇಳುತ್ತಿದ್ದದ್ದು ನಮ್ಮದು. ಫೋನನ್ನು ಜಗಲಿಯ ಮೇಲಿಟ್ಟು ಓಡಿಬಂದು ನಮ್ಮ ಟಿವಿ ಆರಿಸಿದ.

"ಯಾಕ್ಲಾ?" ಎಂದಳು ಹೆಂಡತಿ.

"ಟಿವೀಲಿ ನಾನು ಬತ್ತಾ ಇದೀನಿ ಕಣಕ್ಕ. ಸುಮ್ಕೆ ಕುತ್ಕಂಡು ನೋಡು!" ಎಂದು ವಾಪಸ್ ಓಡಿದ.

ಅಷ್ಟರಲ್ಲಿ ಕರೆ ಕಟ್ಟಾಗಿತ್ತು. ಅದು ತಿಳಿಯದೆ ನಾವಿಬ್ಬರೂ ಆರಿದ ಟಿವಿಯ ಮುಂದೆ ಕಾಲು ಗಂಟೆ ಕೂತಿದ್ದೆವು.

೩. ತಂಬಿಗೆ

ಆಮೇಲೆ ಟಿವಿಯವರೇ ನಮ್ಮ ಹೋಬಳಿಗೆ ಬಂದರು. ಶಾಲೆಯ ಮೈದಾನದಲ್ಲಿ ನೇರಪ್ರಸಾರ. ಸ್ಪೀಕರು ನನ್ನವು. ಸೋಫಾದ ಮೇಲೆ ಇಬ್ಬರೂ ನಾಯಕರು, ನಡುವೆ ನಿರೂಪಕಿ. ನನ್ನ ಹೆಂಡತಿ ತಂಬಿಗೆ ಹಿಡಿದು ಮುಂದಿನ ಸಾಲಿನಲ್ಲೇ ಕೂತಳು. ಯಾಕೆಂದು ನಾನು ಕೇಳಲಿಲ್ಲ.

ನಮ್ಮೂರಿನ ಮಾತು ಬಂತು.

"ಆ ಊರಿಗೆ ಒಳ್ಳೇ ನೀರು ಕೊಟ್ಟೋನು ನಾನು! ಎಳನೀರಿದ್ದಂಗೈತೆ, ನಾನೇ ಕುಡ್ದಿದೀನಿ!" ಎಂದರು ಮೊದಲನೆಯವರು.

"ಸುಳ್ಳು! ಕೊಟ್ಟೋನು ನಾನು!" ಎಂದರು ಎರಡನೆಯವರು.

ಹೆಂಡತಿ ಮಂಡಿ ಹಿಡಿದುಕೊಂಡು ವೇದಿಕೆ ಹತ್ತಿದಳು.

"ಕೂಗಿ ಕೂಗಿ ಗಂಟ್ಲು ಒಣಗೈತೆ. ಕುಡೀರಿ ಸ್ವಾಮಿ, ನಮ್ಮೂರ ನೀರೇ."

ನಮ್ಮ ಕಡೆ ಹೆಣ್ಣುಮಗಳು ತಂಬಿಗೆಯಲ್ಲಿ ನೀರು ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಓಟು ಕೇಳುವವರಂತೂ ಅನ್ನುವಂತೆಯೇ ಇಲ್ಲ. ಮೊದಲನೆಯವರು ತಂಬಿಗೆ ಎತ್ತಿ ಬಾಯಿಗೆ ಸುರಿದುಕೊಂಡರು. ಬೋರಿನ ನೀರು. ನುಂಗಲಾಗಲಿಲ್ಲ. ಉಗಿಯೋಣವೆಂದರೆ ಎದುರಿಗೆ ಕ್ಯಾಮೆರಾ. ಕೆನ್ನೆ ಊದಿಸಿಕೊಂಡು ಕೂತರು.

"ಹೇಗಿದೆ ಸರ್ ನೀರು?" ಎಂದಳು ನಿರೂಪಕಿ.

ಎರಡನೆಯವರು ತೊಡೆ ತಟ್ಟಿ ನಕ್ಕರು.

"ನೀವೂ ಕುಡೀರಿ ಸ್ವಾಮಿ, ಕೊಟ್ಟೋರು ನೀವೂ ಅಲ್ವಾ?" ಎಂದು ಹೆಂಡತಿ ತಂಬಿಗೆಯನ್ನು ಅತ್ತ ತಿರುಗಿಸಿದಳು.

ಅವರೂ ಸುರಿದುಕೊಂಡರು. ಅವರ ಕೆನ್ನೆಯೂ ಊದಿತು.

"ಹೇಳಿ ಸರ್, ಇಡೀ ರಾಜ್ಯ ನೋಡ್ತಿದೆ! ಹೌದಾ, ಇಲ್ವಾ?" ನಿರೂಪಕಿ ಒಬ್ಬಳದೇ ಕೂಗು.

ಇಬ್ಬರ ಕಣ್ಣಲ್ಲೂ ನೀರು. ಟಿವಿ ಚರ್ಚೆಯಲ್ಲಿ ಇಬ್ಬರು ನಾಯಕರು ಒಟ್ಟಿಗೆ ಬಾಯಿ ಮುಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು. ಸ್ಪೀಕರಿನ ಸೌಂಡು ಸರಿಯಾಗಿಯೇ ಇತ್ತು.

ಕೊನೆಗೆ ಜಾಹೀರಾತು ಬಂತು. ಇಬ್ಬರೂ ವೇದಿಕೆಯ ಹಿಂದಕ್ಕೆ ಓಡಿ ಉಗಿದರು. ಕಾಲರಿನ ಮೈಕು ಆನ್ ಇತ್ತು. ಇಡೀ ಹೋಬಳಿಗೆ ಕೇಳಿಸಿತು.

ಮೂರನೇ ದಿನ ಇಂಜಿನಿಯರು ಬಂದು ಘಟಕದ ಬೀಗ ತೆಗೆದು, ಮೋಟರಿಗೆ ಕರೆಂಟು ಕೊಟ್ಟರು. ಹೆಂಡತಿ ಮೊದಲ ಬಿಂದಿಗೆ ಹಿಡಿದಳು.