ಹಿಮದ ಬೆಟ್ಟ ಯಾವ ಕಡೆ?

ಬಲಿಪಾಡ್ಯಮಿಯ ದಿನ ಎಂಟನೇ ಕ್ಲಾಸಿನ ಚೀಲವನ್ನು ಮೊಳೆಗೆ ನೇತುಹಾಕಿ ಮನೆ ಬಿಟ್ಟವನು ನಾನು. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿಲ್ಲ. ಆ ಗ್ರಹಚಾರ ನ್ಯೂಜಿಲೆಂಡಿಗೆ ಬಂದರೂ ಬಿಡಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಟೌರಂಗಾದಲ್ಲಿ ಕಿವಿಹಣ್ಣು ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿಗೆ ಕೆಲಸಕ್ಕೆ ಸೇರಿದಾಗ ನನಗಿದ್ದದ್ದು ಒಂದೇ ಹಟ: ದಕ್ಷಿಣ ದ್ವೀಪದ ಹಿಮದ ಬೆಟ್ಟಗಳನ್ನು ವಿಮಾನದ ಕಿಟಕಿಯಿಂದ ಕಣ್ಣಾರೆ ನೋಡದೆ ಈ ದೇಶ ಬಿಡುವುದಿಲ್ಲ.

"ಬೆಟ್ಟ ಏನ್ ಓಡಿ ಹೋಗ್ತಾವೇನಪಾ?" ಅಂತ ನಗುತ್ತಿದ್ದ ನನ್ನ ಫ್ಲಾಟ್‌ಮೇಟ್, ಹುಬ್ಬಳ್ಳಿಯವನು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಓಡಿಹೋಗುತ್ತವೆ. ನನ್ನ ವಿಷಯದಲ್ಲಿ ಓಡಿಯೇ ಹೋಗುತ್ತವೆ.

ಟವೆಲ್

ಆ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ದಕ್ಷಿಣಕ್ಕೆ ಹಾರುವ ಪುಟ್ಟ ವಿಮಾನ. ಸೀಟು ನಂಬರಿಲ್ಲ. ಎಡಗಡೆ ಬೆಟ್ಟ, ಬಲಗಡೆ ಸಮುದ್ರ. ಊರಿನ ಬುದ್ಧಿ ಎಲ್ಲಿಗೆ ಹೋಗುತ್ತೆ? ಎಲ್ಲರಿಗಿಂತ ಮುಂಚೆ ಓಡಿ, ತೆರೆದ ಬಾಗಿಲಿನೊಳಗೆ ಕೈ ಹಾಕಿ ಎಡಗಡೆ ಸೀಟಿಗೆ ಟವೆಲ್ ಹಾಸಿ, ಬ್ಯಾಗು ತರಲು ಹೋದೆ.

ಬರುವಷ್ಟರಲ್ಲಿ ಪೈಲಟ್ಟು ಎಲ್ಲರನ್ನೂ ತೂಕದ ಪ್ರಕಾರ ಕೂರಿಸುತ್ತಿದ್ದ. ನನ್ನ ಜಾಗಕ್ಕೆ ಹೋರಿಯಂಥ ಒಬ್ಬ ರೈತ, ನನಗೆ ಸಮುದ್ರದ ಕಡೆ. ದಾರಿಯುದ್ದಕ್ಕೂ ನೀರು, ನೀರು, ಬರೀ ನೀರು. ಇಳಿಯುವಾಗ ಆ ರೈತ ಟವೆಲ್ಲನ್ನು ನೀಟಾಗಿ ಮಡಿಸಿ ಕೈಗಿಟ್ಟ: "ಥ್ಯಾಂಕ್ಸ್ ಮೇಟ್. ಸೀಟು ಬಹಳ ತಣ್ಣಗಿತ್ತು."

ಯಾವೂರು?

ಮುಂದಿನ ಸಲ ದೊಡ್ಡ ವಿಮಾನ, ಆಕ್ಲೆಂಡಿನಿಂದ ದಕ್ಷಿಣ ದ್ವೀಪದ ಕ್ವೀನ್ಸ್‌ಟೌನಿಗೆ. ಎಡಗಡೆಯ ಕಿಟಕಿಯನ್ನೇ ಕೇಳಿ ಪಡೆದಿದ್ದೆ, ರೆಕ್ಕೆಯಿಂದ ಹಿಂದಕ್ಕೆ. ವಿಮಾನ ಮೇಲೇಳುವಾಗ ಬಾಯಿ ತಪ್ಪಿ "ಅಯ್ಯೋ ದೇವ್ರೇ" ಅಂದುಬಿಟ್ಟೆ.

"ಓಹೋ, ಕನ್ನಡದವರಾ!" ಪಕ್ಕದ ಮೈಸೂರು ಅಂಕಲ್ ಅರಳಿದರು. "ಯಾವೂರು? ತಂದೆ ಏನ್ ಮಾಡ್ತಾರೆ? ಮದುವೆ ಆಗಿದ್ಯಾ? ಯಾಕಾಗಿಲ್ಲ?"

ಹಿರಿಯರು ಮಾತಾಡಿಸುವಾಗ ಮುಖ ತಿರುಗಿಸಿ ಕೂರೋದುಂಟೇ? ಕಿಟಕಿಗೆ ಬೆನ್ನು ಹಾಕಿ ವಂಶಾವಳಿ ಪೂರ್ತಿ ಒಪ್ಪಿಸಿದೆ. ಮುಗಿಯುವಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿತು.

ಅಂಕಲ್ ನಿಟ್ಟುಸಿರುಬಿಟ್ಟರು. "ಎಂಥಾ ಬೆಟ್ಟಗಳು ರೀ! ನಿಮ್ಮ ಹೆಗಲ ಮೇಲಿಂದ ಪೂರ್ತಿ ನೋಡ್ದೆ. ನಿಮಗೆ ಇಂಥಾದ್ದರಲ್ಲೆಲ್ಲ ಆಸಕ್ತಿ ಇಲ್ಲ ಅನ್ಸುತ್ತೆ."

ದರ್ಶನ

ವಾಪಸ್ ಬರುವಾಗ ಬಲಗಡೆ. ಪಕ್ಕದಲ್ಲಿ ಬೆಂಗಳೂರಿನ ಆಂಟಿ. "ಕಿಟಕಿ ಕೊಡ್ತೀಯೇನಪ್ಪ?" ಅಂದರು.

"ಇಲ್ಲ ಆಂಟಿ, ಪ್ರಾಣ ಬೇಕಾದ್ರೆ ಕೇಳಿ." ತುಟಿ ಬಿಗಿಹಿಡಿದು ಗಾಜಿಗೆ ಮೂಗು ಒತ್ತಿದೆ. ಮೋಡ ಸರಿಯತೊಡಗಿತು. ಬೆಳ್ಳಗೆ ಏನೋ ಇಣುಕಿತು ಅನ್ನುವಷ್ಟರಲ್ಲಿ ಆಂಟಿ ನನ್ನ ಭುಜ ಹಿಡಿದು ಅಲುಗಿಸಿದರು.

"ಸಾಕ್ಷಾತ್ ಕೈಲಾಸ ಕಣೋ! ಹಾಗೆ ಪಿಳಿಪಿಳಿ ನೋಡ್ತಾರಾ? ಕಣ್ಣು ಮುಚ್ಚು, ಕೈ ಮುಗಿ!"

ಹುಟ್ಟುಗುಣ. ಕಣ್ಣು ತಾನಾಗಿ ಮುಚ್ಚಿತು, ಕೈ ತಾನಾಗಿ ಕೂಡಿಕೊಂಡಿತು. ಆಂಟಿ ಗಟ್ಟಿಯಾಗಿ ಸ್ತೋತ್ರ ಶುರು ಮಾಡಿದರು. ನಡುವೆ ಕಣ್ಣು ಬಿಟ್ಟರೆ ಅಪಚಾರ. ಮಂಗಳ ಹಾಡಿ ಮುಗಿಸಿದ ಮೇಲೆ ನೋಡಿದರೆ ಕೆಳಗೆ ಹತ್ತಿ ಹರವಿದಂತೆ ಮೋಡ, ಬೆಟ್ಟದ ಸುಳಿವೇ ಇಲ್ಲ.

"ಕಣ್ತುಂಬಾ ದರ್ಶನ ಆಯ್ತಲ್ಲಪ್ಪಾ?" ಅಂದರು ಆಂಟಿ.

ನನ್ನ ಕೆಲಸದ ಪರ್ಮಿಟ್ಟು ಮುಗಿಯುತ್ತಾ ಬಂದಿದೆ. ಕೊನೇ ಸಲ ಬೆಟ್ಟ ನೋಡಲೆಂದು ಈಗ ಮತ್ತೆ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದೇನೆ. ಫ್ಲಾಟ್‌ಮೇಟ್ ಬಾಗಿಲಲ್ಲಿ ನಿಂತು ಕೇಳಿದ: "ಮತ್ತ ಹೊಂಟಿಯೇನಪಾ? ಬಾಜೂಕ ಮತ್ತ ನಮ್ಮವರ ಬಂದ್ರ?"

"ನಾನು ಕನ್ನಡದವನೇ ಅಲ್ಲ. ಗುಂಟೂರಿನ ತೆಲುಗಿನವನು ಅಂತೀನಿ."

"ನಿನಗ ತೆಲುಗು ಬರ್ತದೇನು?"

"ಒಂದಕ್ಷರವೂ ಬರಲ್ಲ. ಅದಕ್ಕೇ ಬಾಯಿ ಮುಚ್ಕೊಂಡು ಕಿಟಕಿ ನೋಡ್ತೀನಿ."