ಮೂಳೆ ಮುಟ್ಟದ ಅಧ್ಯಕ್ಷ

ಷಣ್ಮುಖಪ್ಪ ಮೈಸೂರಿನ ದಸರಾಕ್ಕೆ ಹೋಗದೇ ಇದ್ದಿದ್ದರೆ ಗಾವಡಗೆರೆಯ ನಿಂಗಯ್ಯ ಸುಖವಾಗಿರುತ್ತಿದ್ದ.

ನಿಂಗಯ್ಯ ಮೂಳೆ ಕಟ್ಟುವವನು. ಅವನ ಕೈ ಸೋಕಿದರೆ ಮುರಿದ ನೇಗಿಲೂ ಕೂಡಿಕೊಳ್ಳುತ್ತದೆ ಎಂದು ಹುಣಸೂರಿನವರೆಗೂ ಮಾತು. ಮೊದಲು ಜಗಲಿಯ ಮೇಲೆ ಒಬ್ಬನೇ ಕಟ್ಟುತ್ತಿದ್ದ. ಪಿರಿಯಾಪಟ್ಟಣ, ಕೋಟೆ ಕಡೆಯಿಂದಲೂ ಗಾಡಿಗಳು ಬರತೊಡಗಿದ ಮೇಲೆ ಭಾಮೈದ ಮುದ್ದಯ್ಯನನ್ನೂ ಗೆಳೆಯ ಷಣ್ಮುಖಪ್ಪನನ್ನೂ ಪಾಲಿಗೆ ಸೇರಿಸಿಕೊಂಡ.

ಷಣ್ಮುಖಪ್ಪ ದಸರಾದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕಿಟಕಿಯಲ್ಲಿ ಇಣುಕಿ ನೋಡಿದ. ವಾಪಸು ಬಂದವನೇ, "ನಾವೂ ದೊಡ್ಡೋರಾದ್ವಿ ಕಣ್ಲಾ. ನಮ್ಗೂ ಒಂದು ಸಭೆ, ಒಬ್ಬ ಅಧ್ಯಕ್ಷ ಬೇಕು" ಅಂದ.

ಅಧ್ಯಕ್ಷ ನಿಂಗಯ್ಯನೇ. ಸಭೆ ಒಪ್ಪದೆ ಯಾರೂ ಮೂಳೆ ಮುಟ್ಟುವಂತಿಲ್ಲ. ಅಧ್ಯಕ್ಷನಂತೂ ಒಪ್ಪಿದರೂ ಮುಟ್ಟುವಂತಿಲ್ಲ. ಕುರ್ಚಿಯ ಮರ್ಯಾದೆ ಹೋಗುತ್ತದೆ.

ನಿಂಗಯ್ಯನ ಕೈ ಕಜ್ಜಿಯಾದಂತೆ ತುರಿಸತೊಡಗಿತು. ಒಂದು ಬೆಳಿಗ್ಗೆ ನುಗ್ಗೆಕಾಯಿ ಮುರಿದು, ಅದಕ್ಕೇ ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿದ.

"ಅಯ್ಯೋ ಸಿವ್ನೇ! ಸಾರಿಗೆ ತಂದಿದ್ದನ್ನ ಬಾಣಂತಿ ಮಾಡ್ಬುಟ್ಟವ್ರಲ್ಲ!" ಎಂದಳು ಹೆಂಡತಿ ಪುಟ್ಟಮಾದಮ್ಮ.

ಅಷ್ಟರಲ್ಲಿ ಪಕ್ಕದೂರಿನ ದೊಡ್ಡಮಾದಯ್ಯ ಅರಚುತ್ತಾ ಬಂದ. ಗಾಡಿ ಮಗುಚಿ ಬಲತೋಳು ಭುಜದಿಂದ ಜಾರಿತ್ತು. ಊತ ಏರಿದರೆ ಕೂರಿಸುವುದು ಕಷ್ಟವೆಂದು ನಿಂಗಯ್ಯನಿಗೆ ಗೊತ್ತು. ಎದ್ದ.

"ಕೂತ್ಕೋ ಅಧ್ಯಕ್ಷ! ಸಭೆ ಆಗ್ಲಿ" ಎಂದ ಷಣ್ಮುಖಪ್ಪ.

ಮೊದಲು ಎಣ್ಣೆ ಕಾಯಿಸಬೇಕೆಂದು ಮುದ್ದಯ್ಯ. ಮೊದಲು ಎಳೆಯಬೇಕೆಂದು ಷಣ್ಮುಖಪ್ಪ. ಇಬ್ಬರೂ ಅವರವರ ಅಜ್ಜಂದಿರ ಕಾಲಕ್ಕೆ ಹೋಗಿ ಬಂದರು. ಭುಜ ಬೂದುಗುಂಬಳವಾಗುತ್ತಿತ್ತು.

"ಈಗ್ಲೇ ಎಳೀಬೇಕು ಅನ್ನೋರು ಕೈ ಎತ್ತಿ!" ಎಂದ ನಿಂಗಯ್ಯ.

ಷಣ್ಮುಖಪ್ಪ ಎತ್ತಿದ. ಮುದ್ದಯ್ಯ ಕೈ ಕಟ್ಟಿಕೊಂಡು ಕೂತ.

"ಒಂದಕ್ಕೊಂದು ಸಮ ಆಯ್ತು. ಅಧ್ಯಕ್ಷಂಗೆ ಓಟಿಲ್ಲ. ನಾಳೆ ನೋಡೋಣ" ಎಂದ ಷಣ್ಮುಖಪ್ಪ.

"ತಡೀರ್ಲಾ," ಎಂದ ನಿಂಗಯ್ಯ, "ಮಾದಯ್ಯನ್ದೂ ಒಂದು ಓಟು ಸೇರ್ಸಿ. ಮೂಳೆ ಅವನ್ದೇ ಅಲ್ವಾ?"

"ಕೈ ಎತ್ತಾಕಾಗಿದ್ರೆ ನಾನ್ಯಾಕಪ್ಪ ಇಲ್ಲಿಗೆ ಬತ್ತಿದ್ದೆ?" ದೊಡ್ಡಮಾದಯ್ಯ ಗೋಳಾಡಿದ.

"ಅದಕ್ಕ್ಯಾಕೆ ಯೋಚ್ನೆ, ನಾ ಎತ್ತಿಸ್ತೀನಿ ಬುಡು!"

ನಿಂಗಯ್ಯ ಆ ತೋಳು ಹಿಡಿದು ಎಳೆದು ಮೆಲ್ಲಗೆ ತಿರುಗಿಸಿ ಮೇಲೆತ್ತಿದ. ಟಕ್! ಓಟೂ ಬಿತ್ತು, ಮೂಳೆಯೂ ಕೂತಿತು.

ದೊಡ್ಡಮಾದಯ್ಯ ಕಾಲಿಗೆ ಬಿದ್ದ. ಷಣ್ಮುಖಪ್ಪ ಮಾತ್ರ ಕೆಂಡವಾದ. "ಅಧ್ಯಕ್ಷ ಮೂಳೆ ಮುಟ್ಟವ್ನೆ! ವಿಚಾರಣೆ ಆಗ್ಬೇಕು!"

ವಿಚಾರಣೆ ಮಾಡುವವನೂ ಅಧ್ಯಕ್ಷನೇ. ನಿಂಗಯ್ಯ ಕುರ್ಚಿಯಲ್ಲಿ ಕೂತು ಗಂಭೀರವಾಗಿ, "ಏನ್ಲಾ ನಿಂಗ, ಮುಟ್ಟಿದ್ಯಾ?" ಎಂದ. ಕೆಳಗಿಳಿದು ಕೈಮುಗಿದು, "ಮುಟ್ದೆ ಸ್ವಾಮಿ" ಎಂದ. ಮತ್ತೆ ಮೇಲೆ ಕೂತು, "ಹಂಗಾದ್ರೆ ನಿನ್ನ ತೆಗೆದಾಕಿವ್ನಿ, ನಡಿ!" ಅಂದವನೇ ಹಗ್ಗ ಬಿಚ್ಚಿದ ಕರುವಿನಂತೆ ಆಚೆಗೆ ಓಡಿದ.

ಊರಾಚೆಯ ಹೊಂಗೆಮರದಡಿ ಕೂತ. ಸುದ್ದಿ ತಿಳಿದ ರೋಗಿಗಳೆಲ್ಲ ಅಲ್ಲಿಗೇ ಬಂದರು. ನಿಂಗಯ್ಯ ಹಾಡಿಕೊಂಡು ನಾಲ್ಕಾರು ಮೂಳೆ ಕಟ್ಟಿದ. ಮಧ್ಯಾಹ್ನಕ್ಕೆ ಷಣ್ಮುಖಪ್ಪ, ಮುದ್ದಯ್ಯ ದಬ್ಬೆಯ ಕಟ್ಟು ಹೊತ್ತು ಬಂದು ತಲೆ ಕೆರೆದು ನಿಂತರು.

"ಅಲ್ಲಿ ನೊಣನೂ ಬರ್ನಿಲ್ಲ ಕಣೋ. ಸಭೆಗಿಬೆ ಬ್ಯಾಡವೇ ಬ್ಯಾಡ. ಕೆಲ್ಸ ಕೊಡು" ಎಂದ ಷಣ್ಮುಖಪ್ಪ.

"ಬನ್ರಲಾ!"

ಅಷ್ಟರಲ್ಲಿ ಕೃಷ್ಣರಾಜನಗರದ ಕುಸ್ತಿಯಿಂದ ಎರಡು ಗಾಡಿ ತುಂಬ ಪೈಲ್ವಾನರು ಬಂದಿಳಿದರು. ಸೋತವರೂ ಇದ್ದರು, ಗೆದ್ದವರೂ ಇದ್ದರು. ನಾ ಮೊದಲು ತಾ ಮೊದಲು ಎಂದು ಮತ್ತೆ ಕುಸ್ತಿಗೇ ಬಿದ್ದರು. ಹೀಗೇ ಬಿಟ್ಟರೆ ಕಟ್ಟಿದ ಮೂಳೆಗಿಂತ ಮುರಿದದ್ದೇ ಹೆಚ್ಚಾಗುತ್ತದೆ ಎಂದು ನಿಂಗಯ್ಯ ಮರದ ಪಕ್ಕದ ಬಂಡೆ ಹತ್ತಿದ.

"ಉಳುಕಿದೋರು ಮುದ್ದಯ್ಯನ್ತಾವ! ಮುರಿದೋರು ಷಣ್ಮುಖನ್ತಾವ! ನನ್ ಕೇಳ್ದೆ ಯಾರೂ ಅಲ್ಲಾಡಂಗಿಲ್ಲ!"

ಸಾಲು ಸಲೀಸಾಗಿ ಸಾಗಿತು. ಹೊತ್ತು ಇಳಿಯುವಷ್ಟರಲ್ಲಿ ಪೈಲ್ವಾನರೆಲ್ಲ ಕಟ್ಟು ಕಟ್ಟಿಸಿಕೊಂಡು ನಗುತ್ತಾ ಗಾಡಿ ಹತ್ತಿದರು. ಷಣ್ಮುಖಪ್ಪ ಕಟ್ಟಿಗೆ ಹಚ್ಚುವ ಉದ್ದಿನ ಹಿಟ್ಟು ಮೆತ್ತಿದ ಕೈಯಲ್ಲಿ, ಹಬ್ಬದೂಟ ಉಂಡವನ ಮುಖ ಹೊತ್ತು ಕೂತಿದ್ದ.

ಕೊನೆಗೆ ಮುದುಕಿ ಪುಟ್ಟಮಲ್ಲಮ್ಮ ಬಂದು ಬಂಡೆಯ ಕೆಳಗೆ ನಿಂತು, ಉಳುಕಿದ ಮಣಿಕಟ್ಟು ಚಾಚಿದಳು. "ನಿಂಗಪ್ಪ, ನೀನೇ ಒಸಿ ನೋಡಪ್ಪ."

"ನಂಗ್ಯಾಕೆ ತೋರಿಸ್ತೀಯಜ್ಜೀ?" ಎಂದು ನಿಂಗಯ್ಯ ಗದರಿದ. "ಮುದ್ದಯ್ಯನ್ತಾವ ಓಗು. ನಾನು ಇಲ್ಲಿ ನೋಡ್ಕಳೋನು ಕಣವ್ವ, ಕಟ್ಟೋನಲ್ಲ!"